ಬೆಳಗಿನವರೆಗೆ ಕುಣಿದವರ ಹಳಹಳಿಕೆ

ರಾತ್ರಿಯಿಡೀ ಎಲೆಕ್ಟ್ರಾನಿಕ್ ಸಂಗೀತಕ್ಕೆ ಕುಣಿಯುವ ಪಾರ್ಟಿಗೆ ‘ರೇವ್’ ಎನ್ನುತ್ತಾರೆ. ಕನ್ನಡಕ್ಕೆ ಆ ಪದ ಬಂದದ್ದೇ ಪೊಲೀಸ್ ಜೀಪಿನಲ್ಲಿ ಕೂತು. ಟಿವಿಯ ಕೆಂಪು ಪಟ್ಟಿ, ಊರಾಚೆಯ ತೋಟದ ಮನೆ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ವ್ಯಾನ್ ಹತ್ತುವವರು, ಆಮೇಲೆ ರಕ್ತಪರೀಕ್ಷೆಯ ವರದಿ. 2024ರ ಮೇ ತಿಂಗಳಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಹತ್ತಿರ ದಾಳಿ ನಡೆದಾಗಲೂ ದಿನಗಟ್ಟಲೆ ಇದೇ ಚಿತ್ರ ಓಡಿತು. ಅಲ್ಲಿ ಯಾವ ಸಂಗೀತ ಹಾಕಿದ್ದರು ಎಂದು ಯಾರಾದರೂ ಕೇಳಿದ್ದು ನನಗಂತೂ ನೆನಪಿಲ್ಲ.

ಅದೇ ಪದವನ್ನು ಇಂಗ್ಲೆಂಡಿನಲ್ಲಿ ಐವತ್ತೈದು ದಾಟಿದವರ ಮುಂದೆ ಹೇಳಿ ನೋಡಿ. ಮಂಡಿ ನೋವು, ಮನೆ ಸಾಲದ ಕಂತು ಎಲ್ಲ ಪಕ್ಕಕ್ಕಿಟ್ಟು ಮಾತಿಗೆ ಕೂರುತ್ತಾರೆ. ಯಾವ ಹೊಲ, ಯಾವ ಗೋದಾಮು, ಯಾರ ಕಾರು, ಬೆಳಗ್ಗೆ ಎಷ್ಟು ಗಂಟೆಗೆ ಮನೆ ಸೇರಿದ್ದು, ಎಲ್ಲಾ ಹೇಳುತ್ತಾರೆ. ಒಂದು ಹಾಡಿನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೂ ಕೊನೆಗೆ.

ಈ ಹಳಹಳಿಕೆ ಈಗ ದೊಡ್ಡ ವ್ಯಾಪಾರ. ಹಳೆಯ ರೆಕಾರ್ಡುಗಳು ಮತ್ತೆ ವಿನೈಲ್‌ನಲ್ಲಿ ಬರುತ್ತಿವೆ. ಆ ಕಾಲದ ಗುರುತಾಗಿದ್ದ ಹಳದಿ ಸ್ಮೈಲಿ ಮುಖದ ಟೀ ಶರ್ಟು ಎಲ್ಲ ಕಡೆ ಸಿಗುತ್ತದೆ. 2016ರಿಂದ, ಮ್ಯಾಂಚೆಸ್ಟರಿನ ಹಾಸಿಯೆಂಡಾ ಎಂಬ ಹಳೆಯ ಕ್ಲಬ್ಬಿನ ಹೆಸರು ಹೊತ್ತ ‘ಹಾಸಿಯೆಂಡಾ ಕ್ಲಾಸಿಕಲ್’ ಎಂಬ ಕಾರ್ಯಕ್ರಮ ಊರೂರು ಸುತ್ತುತ್ತಿದೆ. ಒಂದು ಕಾಲದಲ್ಲಿ ಬೆವರು ಸುರಿಸಿ ಕುಣಿದ ಟ್ರ್ಯಾಕುಗಳನ್ನು ವಯಲಿನ್, ಚೆಲ್ಲೊ ಹಿಡಿದ ವಾದ್ಯವೃಂದ ನುಡಿಸುತ್ತದೆ. ಇನ್ನೊಂದು ಕಡೆ, ಆ ಸಂಗೀತ ಬೆಳೆದ ಕ್ಲಬ್ಬುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನೆನಪಿಗೆ ಗಿರಾಕಿ ಇದ್ದಾರೆ, ಜಾಗಕ್ಕಿಲ್ಲ. ಯಾಕೆ ಹೀಗೆ?

‘ಆಗಿನ ಸಂಗೀತವೇ ಬೇರೆ’ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ಸಂಗೀತ ಎಲ್ಲೂ ಹೋಗಿಲ್ಲ. 1988ರಲ್ಲಿ ಮ್ಯಾಂಚೆಸ್ಟರಿನ ಹುಡುಗ ವಾರಗಟ್ಟಲೆ ಹುಡುಕಬೇಕಿದ್ದ ರೆಕಾರ್ಡು ಈಗ ನಮ್ಮ ಜೇಬಿನಲ್ಲೇ ಇದೆ, ಎರಡು ಸಲ ಬೆರಳು ಒತ್ತಿದರೆ ಸಾಕು. ಮನುಷ್ಯರಿಗೆ ಹದಿಹರೆಯದಿಂದ ಮೂವತ್ತರೊಳಗಿನ ನೆನಪುಗಳೇ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಎಂದು ಮನಃಶಾಸ್ತ್ರಜ್ಞರು ಹೇಳುತ್ತಾರೆ. ಅದೂ ಸರಿಯೇ. ಆದರೆ ಅದು ಎಲ್ಲ ತಲೆಮಾರಿಗೂ ಅನ್ವಯಿಸುವ ಮಾತು. ರೇವ್ ವಿಷಯದಲ್ಲಿ ಇನ್ನೂ ಏನೋ ಇದೆ. ಅದು ಕಾಣಬೇಕೆಂದರೆ ಹಾಸಿಯೆಂಡಾ ಕಟ್ಟಡವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮ್ಯಾಂಚೆಸ್ಟರಿನ ಆ ಇಟ್ಟಿಗೆ ಕಟ್ಟಡ ಮೊದಲು ವಿಹಾರ ದೋಣಿಗಳ ಶೋರೂಂ ಆಗಿತ್ತು. ಹತ್ತಿ ಗಿರಣಿಗಳ ಕಾಲ ಮುಗಿದು ಊರು ಸೊರಗಿತ್ತು. 1982ರ ಮೇ 21ರಂದು ಅಲ್ಲಿ ಕ್ಲಬ್ ಶುರುವಾಯಿತು. ಹಣ ಹಾಕಿದ್ದು ಫ್ಯಾಕ್ಟರಿ ರೆಕಾರ್ಡ್ಸ್ ಕಂಪನಿ ಮತ್ತು ನ್ಯೂ ಆರ್ಡರ್ ಬ್ಯಾಂಡ್. ಮೊದಮೊದಲು ಎಷ್ಟೋ ರಾತ್ರಿ ಸಭಾಂಗಣ ಖಾಲಿ ಹೊಡೆಯುತ್ತಿತ್ತು. ಲೆಕ್ಕ ಬಲ್ಲ ಯಾರೇ ಆಗಿದ್ದರೂ ವರ್ಷದೊಳಗೆ ಮುಚ್ಚಿಬಿಡುತ್ತಿದ್ದರು. ಇವರು ಮುಚ್ಚಲಿಲ್ಲ. ಮೈಕ್ ಪಿಕರಿಂಗ್ ಎಂಬ ಡಿಜೆ ಅಮೆರಿಕದ ಷಿಕಾಗೊದಿಂದ ಬಂದ, ‘ಹೌಸ್’ ಎಂಬ ಹೊಸ ಬಗೆಯ ಕುಣಿತದ ಸಂಗೀತದ ರೆಕಾರ್ಡುಗಳನ್ನು ಅಲ್ಲಿ ಹಾಕತೊಡಗಿದ. 1988ರ ಹೊತ್ತಿಗೆ ಹೊರಗೆ ಉದ್ದನೆಯ ಸಾಲು. ಒಳಗೆ ಮಾತ್ರ ಗಲ್ಲಾಪೆಟ್ಟಿಗೆ ಬಡವಾಗಿಯೇ ಇತ್ತು. ಬಂದವರು ಬಿಯರ್ ಕುಡಿಯುವುದನ್ನು ಬಿಟ್ಟಿದ್ದರು. ಎಕ್ಸ್‌ಟಸಿ ಎಂಬ ಅಮಲಿನ ಮಾತ್ರೆ ನುಂಗಿ ಬರೀ ನೀರು ಕುಡಿದು ಬೆಳಗಿನವರೆಗೆ ಕುಣಿಯುತ್ತಿದ್ದರು.

ಆ ಮಾತ್ರೆಯ ವಿಷಯ ಬಿಟ್ಟು ಈ ಕತೆ ಹೇಳುವುದು ಪ್ರಾಮಾಣಿಕತೆ ಅಲ್ಲ. 1989ರಲ್ಲಿ ಅಲ್ಲೇ ಮಾತ್ರೆ ನುಂಗಿದ 16 ವರ್ಷದ ಹುಡುಗಿ ಸತ್ತಳು. ಮಾತ್ರೆ ಮಾರುವ ಗ್ಯಾಂಗುಗಳು ಬಾಗಿಲಿಗೇ ಬಂದವು, ಬಂದೂಕೂ ಬಂತು. 1997ರಲ್ಲಿ ಕ್ಲಬ್ ಮುಚ್ಚಿತು. ನಂತರ ಕಟ್ಟಡದ ಚೂರುಪಾರು ಹರಾಜಾಯಿತು, ಇಟ್ಟಿಗೆಯನ್ನೂ ಕೊಂಡವರಿದ್ದರು. ನ್ಯೂ ಆರ್ಡರಿನ ಪೀಟರ್ ಹುಕ್ ಅಲ್ಲಿನ ಹಳೆಯ ಮರದಿಂದ ಬೇಸ್ ಗಿಟಾರ್ ಮಾಡಿಸಿಕೊಂಡ. ಕಟ್ಟಡ ಕೆಡವಿದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಅದಕ್ಕಿಟ್ಟ ಹೆಸರು ‘ಹಾಸಿಯೆಂಡಾ’!

ಇಲ್ಲಿ ನಗು ಬರುತ್ತದೆ, ಅಲ್ವಾ? ಕೆರೆ ಮುಚ್ಚಿ ಬಡಾವಣೆ ಕಟ್ಟಿ ಅದಕ್ಕೆ ‘ಲೇಕ್ ವ್ಯೂ’ ಎಂದು ಹೆಸರಿಡುವ ಊರಿನವರು ನಾವು. ನಮಗೆ ಇದು ಬೇಗ ಅರ್ಥವಾಗುತ್ತದೆ.

ಈ ಇಡೀ ಚರಿತ್ರೆಯಲ್ಲಿ ಎಲ್ಲಿ ಕೆದಕಿದರೂ ಒಂದು ಖಾಲಿ ಜಾಗ ಸಿಗುತ್ತದೆ. ಷಿಕಾಗೊದಲ್ಲಿ ಫ್ರ್ಯಾಂಕಿ ನಕಲ್ಸ್ 1977ರಿಂದ ರೆಕಾರ್ಡ್ ಹಾಕುತ್ತಿದ್ದ ಕ್ಲಬ್ಬಿನ ಹೆಸರೇ ‘ವೇರ್‌ಹೌಸ್’, ಅಂದರೆ ಗೋದಾಮು. ‘ಹೌಸ್’ ಎಂಬ ಹೆಸರು ಅಲ್ಲಿಂದಲೇ ಬಂತು ಎನ್ನುತ್ತಾರೆ. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೊ ಸಲಿಂಗಿಗಳು. ಬೇರೆ ಕಡೆ ಬಾಗಿಲಲ್ಲೇ ತಡೆಯುತ್ತಿದ್ದವರಿಗೆ ಅದೊಂದು ಆಸರೆ. ಇಂಗ್ಲೆಂಡಿನ ನೆನಪಿನ ಮೆರವಣಿಗೆಯಲ್ಲಿ ಅವರ ಮುಖ ಅಷ್ಟಾಗಿ ಕಾಣುವುದಿಲ್ಲ. ಹೌಸ್‌ನ ಹಾಗೇ ಯಂತ್ರಗಳಿಂದ ಮಾಡುವ ಇನ್ನೊಂದು ಕುಣಿತದ ಸಂಗೀತ ಟೆಕ್ನೊ. ಅದು ಹುಟ್ಟಿದ್ದು ಅಮೆರಿಕದ್ದೇ ಡೆಟ್ರಾಯಿಟ್‌ನಲ್ಲಿ, ಕಾರು ಕಾರ್ಖಾನೆಗಳು ಮುಚ್ಚಿ ಜನ ಊರು ಬಿಡುತ್ತಿದ್ದ ಹೊತ್ತಲ್ಲಿ. ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕಪ್ಪು ಗೆಳೆಯರ ಕೆಲಸ ಅದು.

ಬರ್ಲಿನ್ ಇನ್ನೂ ದೊಡ್ಡ ಉದಾಹರಣೆ. 1989ರ ನವೆಂಬರ್ 9ರಂದು ಗೋಡೆ ಬಿತ್ತು. ಪೂರ್ವ ಬರ್ಲಿನ್‌ನಲ್ಲಿ ಎಷ್ಟೋ ಕಟ್ಟಡಗಳಿಗೆ ಮಾಲೀಕರು ಯಾರು ಎಂಬುದೇ ತೀರ್ಮಾನವಾಗಿರಲಿಲ್ಲ. ವೆರ್ಟ್‌ಹೈಮ್ ಎಂಬ ಯಹೂದಿ ಕುಟುಂಬದ ಭಾರಿ ಅಂಗಡಿಯನ್ನು ನಾಜಿಗಳು ಕಸಿದುಕೊಂಡಿದ್ದರು. ಅದರ ನೆಲಮಾಳಿಗೆಯಲ್ಲಿ ತಿಜೋರಿ ಕೋಣೆಯೊಂದು ದಶಕಗಟ್ಟಲೆ ಕತ್ತಲಲ್ಲಿ ಉಳಿದಿತ್ತು. ಗೋಡೆ ತುಂಬ ತುಕ್ಕು ಹಿಡಿದ ಲಾಕರ್‌ಗಳು. 1991ರ ಮಾರ್ಚ್‌ನಲ್ಲಿ ಡಿಮಿಟ್ರಿ ಹೆಗೆಮನ್ ಮತ್ತು ಗೆಳೆಯರು ಅಲ್ಲಿ ‘ಟ್ರೆಸರ್’ ಕ್ಲಬ್ ತೆರೆದರು. ಆ ಪದಕ್ಕೆ ಅರ್ಥವೇ ತಿಜೋರಿ. ಆ ಜಾಗ ಆಫೀಸು ಕಟ್ಟಡಕ್ಕೆ ಮಾರಾಟವಾಗಿ 2005ರಲ್ಲಿ ಕ್ಲಬ್ ಎದ್ದುಹೋಗಬೇಕಾಯಿತು, ಎರಡು ವರ್ಷದ ಮೇಲೆ ಬೇರೆ ಕಡೆ ಶುರುವಾಯಿತು. 2024ರ ಮಾರ್ಚ್‌ನಲ್ಲಿ ಬರ್ಲಿನ್‌ನ ಟೆಕ್ನೊ ಸಂಸ್ಕೃತಿಯನ್ನು ಜರ್ಮನಿ ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಕೊನೆಯ ದಿನ ಅಲ್ಲಿನ ಹೆಸರಾಂತ ಕ್ಲಬ್ ‘ವಾಟರ್‌ಗೇಟ್’ ಬಾಡಿಗೆ, ಖರ್ಚು ತಾಳಲಾರದೆ ಮುಚ್ಚಿತು.

ಯಂತ್ರಗಳ ಕತೆಯೂ ಹೀಗೇ ಇದೆ. ರೋಲಂಡ್ ಕಂಪನಿಯ ಟಿಬಿ-303 ಎಂಬ ಬೆಳ್ಳಿ ಬಣ್ಣದ ಪುಟ್ಟ ಪೆಟ್ಟಿಗೆ ಬಂದದ್ದು 80ರ ದಶಕದ ಆರಂಭದಲ್ಲಿ. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಬೇಸ್ ಜತೆ ಕೊಡಲಿ ಎಂದು ಮಾಡಿದ್ದು. ಅದರ ಸದ್ದು ಬೇಸ್ ಗಿಟಾರಿನ ಹಾಗೆ ಇರಲೇ ಇಲ್ಲ. ಯಾರೂ ಕೊಳ್ಳಲಿಲ್ಲ, 1984ಕ್ಕೆ ತಯಾರಿಕೆ ನಿಂತಿತು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಪೆಟ್ಟಿಗೆ ಷಿಕಾಗೊದ ಹುಡುಗರ ಕೈಗೆ ಬಂತು. ಅವರು ಸುಮ್ನೆ ಗುಂಡಿ ತಿರುಗಿಸುತ್ತಾ ಹೋದರು. ಅದು ಗೊಟರ್ ಗೊಟರ್ ಎಂದು ಹಿಂಡಿದ ಹಾಗೆ ಕೂಗಿತು. 1987ರಲ್ಲಿ ‘ಫ್ಯೂಚರ್’ ಎಂಬ ತಂಡ ಆ ಕೂಗನ್ನೇ ರೆಕಾರ್ಡ್ ಮಾಡಿತು. ‘ಆ್ಯಸಿಡ್ ಹೌಸ್’ ಅಂದರೆ ಅದೇ.

ಇಲ್ಲೊಂದು ಸ್ವಾರಸ್ಯ ಇದೆ. ಅದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಎಂಬ ಸಿನಿಮಾ ವಾದಕ ಇದೇ ಟಿಬಿ-303 ಮತ್ತು ಟಿಆರ್-808 ಡ್ರಮ್ ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಒಂದು ಎಲ್‌ಪಿ ಮಾಡಿದ್ದರು. ಭೈರವಿ, ಯಮನ್ ಎಲ್ಲ ಅದರಲ್ಲಿವೆ. ಈಗ ಕೇಳಿದರೆ ಆ್ಯಸಿಡ್ ಹೌಸೇ ಅನಿಸುತ್ತದೆ. ಆಗ ಯಾರೂ ಅದನ್ನು ಮೂಸಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಜಗತ್ತು ಬೆರಗಾಯಿತು, ಮುದಿ ವಯಸ್ಸಿನಲ್ಲಿ ಅವರನ್ನು ಯುರೋಪಿಗೆ ಕರೆದು ನುಡಿಸಿದರು. 2015ರಲ್ಲಿ ಅವರು ತೀರಿಕೊಂಡರು. ‘ಆ್ಯಸಿಡ್ ಹೌಸ್ ನಮ್ಮದೇ’ ಎಂದು ಎದೆ ತಟ್ಟಿಕೊಳ್ಳುವವರು ನಮ್ಮಲ್ಲಿ ಈಗ ಇದ್ದಾರೆ. ನನಗೆ ಅದು ಬೇರೆಯೇ ಏನನ್ನೋ ಹೇಳುತ್ತದೆ. ಸದ್ದು ಇತ್ತು, ಯಂತ್ರ ಇತ್ತು. ಜನ ಸೇರಿ ರಾತ್ರಿ ಕಳೆಯುವ ಗೋದಾಮು ಇರಲಿಲ್ಲ. ಹಾಗಾಗಿ ಆ ಎಲ್‌ಪಿಯ ಮೇಲೆ ಯಾರಿಗೂ ಹಳಹಳಿಕೆ ಇಲ್ಲ, ಬೆರಗು ಮಾತ್ರ.

ಇಂಗ್ಲೆಂಡಿನಲ್ಲಿ ಆ ರಾತ್ರಿಗಳು ಹೇಗೆ ನಡೆಯುತ್ತಿದ್ದವು? 1989ರ ಮಾತು. ಲಂಡನ್ ಸುತ್ತುವ ಎಂ25 ಹೆದ್ದಾರಿ ಮುಗಿದು ಮೂರು ವರ್ಷವಾಗಿತ್ತು. ಟಿಕೆಟಿನಲ್ಲಿ ಜಾಗದ ಹೆಸರು ಇರುತ್ತಿರಲಿಲ್ಲ, ಫೋನ್ ನಂಬರ್ ಇರುತ್ತಿತ್ತು. ಶನಿವಾರ ರಾತ್ರಿ ರಸ್ತೆ ಬದಿಯ ಬೂತಿನಿಂದ ನಾಣ್ಯ ಹಾಕಿ ಕರೆ ಮಾಡಬೇಕು. ರೆಕಾರ್ಡ್ ಮಾಡಿದ ದನಿ ಹೆದ್ದಾರಿಯ ಯಾವುದೋ ಪೆಟ್ರೋಲ್ ಬಂಕಿಗೆ ಹೋಗಿ ಎನ್ನುತ್ತದೆ. ಅಲ್ಲಿಗೆ ಹೋದರೆ ನೂರಾರು ಕಾರು ನಿಂತಿರುತ್ತವೆ. ಮತ್ತೆ ಕರೆ. ಈ ಸಲ ಇನ್ನೊಂದು ತಿರುವು, ಇನ್ನೊಂದು ಹಳ್ಳಿ. ಪೊಲೀಸರಿಗೆ ಸುಳಿವು ಸಿಗುವ ಹೊತ್ತಿಗೆ ಹೊಲದಲ್ಲಿ ಸಾವಿರಾರು ಜನ ಸೇರಿರಬೇಕು, ಚದುರಿಸಲು ಹೋದರೆ ಅಪಾಯ ಎನ್ನುವಷ್ಟು. ಇದು ಸಂಘಟಕರ ಲೆಕ್ಕ. ಆರ್ಬಿಟಲ್ ಎಂಬ ಸಂಗೀತಗಾರರ ಜೋಡಿ ತನ್ನ ಹೆಸರನ್ನು ‘ಲಂಡನ್ ಆರ್ಬಿಟಲ್’ ಎಂದೂ ಕರೆಯುವ ಆ ರಸ್ತೆಯಿಂದಲೇ ತೆಗೆದುಕೊಂಡಿತು.

ಆ ಕಾರಿನಲ್ಲಿ ಕೂತವನ ಸ್ಥಿತಿ ನೆನೆಸಿಕೊಳ್ಳಿ. ಎಲ್ಲಿಗೆ ಹೋಗುತ್ತಿದ್ದೇನೆ ಗೊತ್ತಿಲ್ಲ. ಯಾರು ಬಂದಿರುತ್ತಾರೆ ಗೊತ್ತಿಲ್ಲ. ಮನೆಯವರಿಗೂ ಗೊತ್ತಿಲ್ಲ. ಕ್ಯಾಮೆರಾ ಇಲ್ಲ. ಸೋಮವಾರ ಆಫೀಸಿನಲ್ಲಿ ತೋರಿಸಲು ಸಾಕ್ಷಿಯೂ ಇಲ್ಲ. ಈಗಿನ ಹುಡುಗರು, ಅಂದರೆ ಆಗ ಹುಟ್ಟಿಯೇ ಇರದವರು, ಆ ಕಾಲದ ಮಸುಕು ವಿಡಿಯೊಗಳನ್ನು ನೋಡಿ ‘ನಾನು ಅಲ್ಲಿರಬೇಕಿತ್ತು’ ಎಂದು ಕೊರಗುವುದು ಇದಕ್ಕೇ ಇರಬೇಕು. ಆ ವಿಡಿಯೊಗಳಲ್ಲಿ ಯಾರ ಕೈಯೂ ಫೋನ್ ಹಿಡಿದು ಮೇಲೆದ್ದಿಲ್ಲ. ಬರ್ಲಿನ್‌ನ ಕೆಲವು ಕ್ಲಬ್ಬುಗಳು ಇವತ್ತಿಗೂ ಬಾಗಿಲಲ್ಲಿ ಫೋನ್ ಕ್ಯಾಮೆರಾ ಮೇಲೆ ಸ್ಟಿಕರ್ ಅಂಟಿಸಿ ಒಳಗೆ ಬಿಡುತ್ತವೆ. ಒಂದು ಕಾಲದಲ್ಲಿ ತಾನಾಗಿ ಇದ್ದದ್ದನ್ನು ಈಗ ಅಂಟು ಹಚ್ಚಿ ಉಳಿಸಿಕೊಳ್ಳಬೇಕು.

ಸರ್ಕಾರ ಸುಮ್ಮನೆ ಕೂರಲಿಲ್ಲ. 1990ರ ಕಾಯ್ದೆ ಪರವಾನಗಿ ಇಲ್ಲದ ಪಾರ್ಟಿಗೆ 20,000 ಪೌಂಡ್ ದಂಡ, ಆರು ತಿಂಗಳ ಜೈಲು ಎಂದಿತು. 1992ರ ಮೇ ತಿಂಗಳಲ್ಲಿ ಕಾಸಲ್‌ಮಾರ್ಟನ್ ಎಂಬ ಊರಿನ ಗೋಮಾಳಕ್ಕೆ ಇಪ್ಪತ್ತರಿಂದ ನಲವತ್ತು ಸಾವಿರ ಜನ ನುಗ್ಗಿ ಒಂದು ವಾರ ಸದ್ದು ಮಾಡಿದರು. ಟಿವಿ ಸುದ್ದಿಯೇ ದಾರಿ ತೋರಿಸಿತು. ಊರಿನವರು ನಿದ್ದೆಯಿಲ್ಲದೆ, ಕುರಿ ದನ ಕಾಯಲಾಗದೆ ಹೈರಾಣಾದರು. ಹಳಹಳಿಸುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಬಂಧಿತರಾದ, ಇಂಥ ಪಾರ್ಟಿ ನಡೆಸುತ್ತಿದ್ದ ಸ್ಪೈರಲ್ ಟ್ರೈಬ್ ಗುಂಪಿನವರ ಮೇಲಿನ ಮೊಕದ್ದಮೆಗೆ ಸರ್ಕಾರ ಸುಮಾರು 40 ಲಕ್ಷ ಪೌಂಡ್ ಸುರಿಯಿತು, ಎಲ್ಲರೂ ಖುಲಾಸೆಯಾದರು.

ಆಮೇಲೆ ಬಂದದ್ದು 1994ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ. ಬಯಲಲ್ಲಿ ರಾತ್ರಿ ನೂರು ಜನ ಸೇರಿ ಜೋರಾಗಿ ಸಂಗೀತ ಹಾಕಿದರೆ ಪೊಲೀಸರು ಎಬ್ಬಿಸಬಹುದು ಎಂದು ಅದು ಆಗ ಹೇಳಿತು. ಸಂಗೀತ ಅಂದರೆ ಏನು ಎಂದೂ ಅದು ಬರೆಯಿತು: ಒಂದರ ಮೇಲೊಂದು ಮರುಕಳಿಸುವ ಬಡಿತಗಳೇ ಪೂರ್ತಿ ಅಥವಾ ಮುಖ್ಯವಾಗಿರುವ ಸದ್ದೂ ಅದರಲ್ಲಿ ಸೇರಿದೆ. ಈ ವ್ಯಾಖ್ಯೆಯನ್ನು ಹಿಡಿದು ನಮ್ಮ ಕಡೆ ಬಂದರೆ ಡೊಳ್ಳು ಕುಣಿತದವರು, ಗಣೇಶ ಬಿಡುವಾಗಿನ ತಮಟೆಯವರು ಎಲ್ಲರನ್ನೂ ವ್ಯಾನ್ ಹತ್ತಿಸಬೇಕಾಗುತ್ತದೆ. ಆಟೆಕರ್ ಎಂಬ ತಂಡ ಪ್ರತಿಭಟನೆಗೆಂದೇ ಒಂದು ರೆಕಾರ್ಡ್ ಹೊರತಂದಿತು. ಅದರ ಒಂದು ಟ್ರ್ಯಾಕಿನಲ್ಲಿ ಯಾವ ಎರಡು ಆವರ್ತದ ಬಡಿತವೂ ಒಂದೇ ಥರ ಇಲ್ಲ. ಆದರೂ ಹಾಕುವಾಗ ಪಕ್ಕದಲ್ಲೊಬ್ಬ ವಕೀಲ, ಒಬ್ಬ ಸಂಗೀತ ತಜ್ಞ ಇರಲಿ ಎಂದು ಹೊದಿಕೆಯ ಮೇಲೆ ಬರೆದಿದ್ದರು.

ಹೊಲದಿಂದ ಎಬ್ಬಿಸಿದ ಜನ ಪರವಾನಗಿ ಇದ್ದ ದೊಡ್ಡ ಕ್ಲಬ್ಬುಗಳಿಗೆ ಹೋದರು. ಟಿಕೆಟ್ಟು, ಬಾರು, ಬಾಗಿಲಲ್ಲಿ ಬೌನ್ಸರ್. ‘ಎಲ್ಲ ವ್ಯಾಪಾರ ಆಗಿಹೋಯ್ತು’ ಎಂಬ ಗೊಣಗಾಟ ಆಗಲೇ ಶುರುವಾಯಿತು. ಹಳಹಳಿಕೆಗೆ ಇಪ್ಪತ್ತು ವರ್ಷ ಬೇಕಾಗಲಿಲ್ಲ. ನಿಜ ಹೇಳಬೇಕೆಂದರೆ 1988ರ ಬೇಸಿಗೆಯನ್ನು ಅವರು ‘ಪ್ರೀತಿಯ ಎರಡನೇ ಬೇಸಿಗೆ’ ಎಂದು ಕರೆದಾಗಲೇ 1967ರ ಹಿಪ್ಪಿಗಳ ಬೇಸಿಗೆಯನ್ನು ನೆನೆಯುತ್ತಿದ್ದರು.

ಆ ಹಿಪ್ಪಿಗಳಲ್ಲಿ ಕೆಲವರು ಬಂದು ಸೇರಿದ್ದು ನಮ್ಮ ಪಕ್ಕದ ಗೋವಾಕ್ಕೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದ ಗಿಲ್ಬರ್ಟ್ ಲೆವಿ, ಜಟೆ ಬಿಟ್ಟು ‘ಗೋವಾ ಗಿಲ್’ ಆದ. 2023ರಲ್ಲಿ ತೀರಿಕೊಳ್ಳುವವರೆಗೂ ಅವನೇ ಅಂಜುನಾ ಬೀಚಿನ ದಂತಕತೆ. ಗೋವಾದ ಬಿಸಿಲಿಗೆ ವಿನೈಲ್ ರೆಕಾರ್ಡು ಹಪ್ಪಳದಂತೆ ಡೊಂಕಾಗುತ್ತಿತ್ತು. ಹಾಗಾಗಿ ಅಲ್ಲಿನ ಡಿಜೆಗಳು ಕ್ಯಾಸೆಟ್ಟು, ಮುಂದೆ ಡಿಎಟಿ ಎಂಬ ಡಿಜಿಟಲ್ ಟೇಪು ಬಳಸಿದರು. ಟೇಪನ್ನು ರೆಕಾರ್ಡಿನಂತೆ ಕೈಯಲ್ಲಿ ಹಿಂದೆಮುಂದೆ ಆಡಿಸಲಾಗದು. ಒಂದು ಪೂರ್ತಿ ಮುಗಿಯುವ ಹೊತ್ತಿಗೆ ಇನ್ನೊಂದನ್ನು ನಿಧಾನಕ್ಕೆ ಸೇರಿಸಬೇಕು. ಅಲ್ಲಿ ಬೆಳೆದ ‘ಗೋವಾ ಟ್ರಾನ್ಸ್’ ಎಂಬ ಸಂಗೀತದ ಉದ್ದುದ್ದ ಟ್ರ್ಯಾಕುಗಳಿಗೆ ಆ ಬಿಸಿಲೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಆ ಪಾರ್ಟಿಗಳ ಅಂಚಿನಲ್ಲಿ ಸ್ಥಳೀಯ ಹೆಂಗಸರು ಚಾಪೆ ಹಾಸಿ, ಸೀಮೆಎಣ್ಣೆ ದೀಪ ಹಚ್ಚಿ ಕೂರುತ್ತಿದ್ದರು. ಚಹಾ, ಆಮ್ಲೆಟ್, ಕೇಕು. ಕುಣಿದು ಸುಸ್ತಾದವರು ಆ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದರು. ಅಂಜುನಾದ ಬುಧವಾರದ ಸಂತೆಯಲ್ಲಿ ಕನ್ನಡಿ ಕಸೂತಿಯ ಚೀಲ, ಬೆಳ್ಳಿ ಬಣ್ಣದ ಸರ ಮಾರುವ ಲಂಬಾಣಿ ಹೆಂಗಸರು ಬಂದದ್ದು ನಮ್ಮ ಉತ್ತರ ಕರ್ನಾಟಕದ ತಾಂಡಾಗಳಿಂದ. ಮಳೆ ಕೈಕೊಟ್ಟ ಊರು ಬಿಟ್ಟು ಬಂದವರು ಅವರು. ಹಳೆಯ ಫೋಟೊಗಳಲ್ಲಿ ಇದ್ದಾರೆ, ಅಂಚಿನಲ್ಲಿ. ಯಾರದೋ ಸ್ವಾತಂತ್ರ್ಯದ ರಾತ್ರಿ ಅವರಿಗೆ ಡ್ಯೂಟಿಯ ರಾತ್ರಿ. ಅವರನ್ನು ಕೂರಿಸಿ ‘ಆಗ ಹೇಗಿತ್ತು’ ಎಂದು ಕೇಳಿದರೆ ಬರುವ ಉತ್ತರವೇ ಬೇರೆ ಇದ್ದೀತು. ಹಳಹಳಿಕೆ ಇದ್ದರೂ ವ್ಯಾಪಾರ ಚೆನ್ನಾಗಿದ್ದ ಕಾಲದ್ದು.

ಗೋವಾದ ಬಯಲು ಪಾರ್ಟಿಗಳಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಒಂದು ಕಾಗದ: ಕೇಂದ್ರದ 2000ದ ಶಬ್ದ ಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಕ್ಕೆಂದು ವರ್ಷದಲ್ಲಿ ಹದಿನೈದು ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಮಕ್ಕಳು, ಮುದುಕರು, ರೋಗಿಗಳ ನಿದ್ದೆಯ ಪ್ರಶ್ನೆ ಇದು. ನಿಯಮ ತಪ್ಪು ಎಂದು ನಾನು ಹೇಳಲಾರೆ.

ಆದರೆ ಇದೇ ನಿಯಮ ಕರಾವಳಿಯವನಾದ ನನಗೆ ಬೇರೆ ದಾರಿಯಿಂದ ಬಂದು ತಾಗಿತು. 2022ರಲ್ಲಿ ಕಟೀಲು ಮೇಳದ ಯಕ್ಷಗಾನ ಧ್ವನಿವರ್ಧಕದ ಕಾರಣಕ್ಕೆ ಕಾಲಮಿತಿಗೆ ಬಂತು. ಆಗ ಸಂಜೆ ಶುರುವಾಗಿ, ಬೆಳಗಿನ ಬದಲು ರಾತ್ರಿಯೇ ಮಂಗಳವಾಗುತ್ತಿತ್ತು. ಭಕ್ತರು ಪ್ರತಿಭಟಿಸಿದರು, ವಿಷಯ ಹೈಕೋರ್ಟಿನವರೆಗೂ ಹೋಯಿತು. ಬೇರೆ ಕೆಲವು ಮೇಳಗಳು ಅದಕ್ಕೂ ಮೊದಲೇ, ನೋಡುವವರ ಮರುದಿನದ ಕೆಲಸ ನೆನೆದು, ಕಾಲಮಿತಿಗೆ ಹೋಗಿದ್ದವು.

ಯಕ್ಷಗಾನದ ಆಟ ಮತ್ತು ರೇವ್ ಒಂದೇ ಎಂದು ಯಾರೂ ತಿಳಿಯಬೇಡಿ. ಒಂದು ಹರಕೆ, ಇನ್ನೊಂದು ಮೋಜು. ಆದರೂ ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿ, ಚೆಂಡೆ ಕೇಳುತ್ತಲೇ ನಿದ್ದೆಹೋಗಿ, ನಡುರಾತ್ರಿ ದೊಂದಿ ಹಿಡಿದ ಮಹಿಷಾಸುರ ಜನರ ನಡುವಿನಿಂದಲೇ ಅಬ್ಬರಿಸಿಕೊಂಡು ಬಂದಾಗ ಬೆಚ್ಚಿ ಎದ್ದ ಮಕ್ಕಳಲ್ಲಿ ನಾನೂ ಒಬ್ಬ. ಗದ್ದೆಯ ಅಂಚಿನಲ್ಲಿ ಗ್ಯಾಸ್‌ಲೈಟಿನ ಕೆಳಗೆ ಚರುಮುರಿ, ನೆಲಗಡಲೆ. ಕಾಲಮಿತಿ ಆಟದಲ್ಲಿ ಪ್ರಸಂಗ ಅದೇ, ಭಾಗವತರೂ ಅವರೇ. ಕೆಲವೊಮ್ಮೆ ಮೊದಲಿಗಿಂತ ಬಿಗಿಯಾಗಿಯೇ ಇರುತ್ತದೆ. ಮುಗಿಸಿ ಮನೆಗೆ ಬಂದು ಮಲಗಿದಾಗ ಮಾತ್ರ ಏನೋ ಬಾಕಿ ಉಳಿದ ಹಾಗೆ. ಪ್ರಸಂಗದ ಕೊನೆಗೂ ಮೂಡಣ ಕೆಂಪಾಗುವುದಕ್ಕೂ ಇದ್ದ ನಂಟು ಕಡಿದುಹೋಗಿದೆ.

ಮ್ಯಾಂಚೆಸ್ಟರಿನವರ ಕೊರಗೂ ಹೆಚ್ಚುಕಡಿಮೆ ಇದೇ ಜಾತಿಯದ್ದು ಎಂದು ನನ್ನ ಲೆಕ್ಕ. ಯಾರೂ ಬಾಡಿಗೆ ಕೇಳದ ಜಾಗ, ಗಡಿಯಾರ ನೋಡದ ರಾತ್ರಿ, ಗುರುತು ಹಿಡಿಯದ ಗುಂಪು. ವಾದ್ಯವೃಂದ ಹಾಡನ್ನು ವಾಪಸ್ ಕೊಡಬಲ್ಲದು. ರಾತ್ರಿ ಹತ್ತೂವರೆಗೆ ಮುಗಿದು, ಪಾರ್ಕಿಂಗ್ ಚೀಟಿ ತೋರಿಸಿ ಮನೆಗೆ ಹೋಗುವಾಗ ಉಳಿದದ್ದನ್ನು ಅದು ಎಲ್ಲಿಂದ ತರಬೇಕು?

ಇದಕ್ಕೆ ಒಂದು ಪರೀಕ್ಷೆಯೂ ನಡೆದುಹೋಯಿತು. 2020ರಲ್ಲಿ ಕೋವಿಡ್ ಬಂದು ಊರುಗಳೇ ಖಾಲಿಯಾದವು, ಕ್ಲಬ್ಬುಗಳು ಮುಚ್ಚಿದವು. ಜೂನ್‌ನ ಒಂದೇ ರಾತ್ರಿ ಮ್ಯಾಂಚೆಸ್ಟರಿನ ಸುತ್ತ ಎರಡು ಕಡೆ ಸುಮಾರು 6,000 ಜನ ಸೇರಿ ಅಕ್ರಮ ರೇವ್ ನಡೆಸಿದರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, 1989ನ್ನು ಕಂಡವರೇ ಅಲ್ಲ. ಆ ರಾತ್ರಿ ಒಬ್ಬ ಯುವಕ ಸತ್ತ, ಚೂರಿ ಇರಿತವೂ ಆಯಿತು. ಸರ್ಕಾರ ಸಂಘಟಕರಿಗೆ 10,000 ಪೌಂಡ್ ದಂಡ ತಂದಿತು. ಆ ಮಕ್ಕಳಿಗೆ ಹಳೆಯ ಸಂಗೀತ ಬೇಕಿರಲಿಲ್ಲ. ಬಯಲು ಸಿಕ್ಕಿತು, ಹೋದರು.

ಕಾರವಾರದಿಂದ ಗಡಿ ದಾಟಿದರೆ ಒಂದು ಗಂಟೆಯ ದಾರಿಯಲ್ಲಿ ಪಾಲೊಲೆಂ ಬೀಚ್ ಇದೆ. ಹತ್ತು ಗಂಟೆಯ ನಿಯಮಕ್ಕೆ ಅಲ್ಲಿ ಹುಡುಕಿಕೊಂಡ ಉಪಾಯ ಹೆಡ್‌ಫೋನ್ ಪಾರ್ಟಿ. ಬಾಗಿಲಲ್ಲಿ ಒಂದೊಂದು ವೈರ್‌ಲೆಸ್ ಹೆಡ್‌ಫೋನ್ ಕೊಡುತ್ತಾರೆ. ಬೇರೆ ಬೇರೆ ಚಾನೆಲ್, ಬೇರೆ ಬೇರೆ ಡಿಜೆ. ಪಕ್ಕದವನು ಒಂದು ತಾಳಕ್ಕೆ ಕುಣಿಯುತ್ತಿದ್ದರೆ ನೀವು ಇನ್ನೊಂದಕ್ಕೆ. ನಾನು ಒಮ್ಮೆ ಅರ್ಧದಲ್ಲಿ ಅದನ್ನು ಕಿವಿಯಿಂದ ತೆಗೆದೆ. ನೂರಾರು ಜನ ಮೈಮರೆತು ಕುಣಿಯುತ್ತಿದ್ದರು. ಕೇಳುತ್ತಿದ್ದದ್ದು ಸಮುದ್ರ, ಮತ್ತು ನೆಲಕ್ಕೆ ಉಜ್ಜುವ ಚಪ್ಪಲಿಗಳ ಸರಬರ.